ಮೇಯಿಸದೆ ಬಿಟ್ಟ ಗುಡ್ಡ

ನನ್ನ ಅತ್ತೆ ಮೂವತ್ತು ವರ್ಷ ಕುರಿ ಕಾಯ್ದವರು. ಕೈಯಲ್ಲಿ ಕೋಲು ಇರುತ್ತಿತ್ತು, ಆದರೆ ಊರಿಕೊಂಡು ನಡೆಯುವುದಕ್ಕೆ ಮಾತ್ರ. ಅದರಿಂದ ಕುರಿಗೆ ಒಂದೇಟು ಕೊಟ್ಟಿದ್ದನ್ನು ನಾನು ನೋಡಿರಲಿಲ್ಲ. ಸೊಸೆಯಾದ ನನಗೆ ಮಾತಿನ ಏಟು ಧಾರಾಳವಾಗಿ ಬೀಳುತ್ತಿತ್ತು, ಅದು ಬೇರೆ ವಿಷಯ.

ಮನೆಯ ಹಿಂದಿನ ಗುಡ್ಡವನ್ನು ಅವರು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಂಡಿದ್ದರು. ವರ್ಷಕ್ಕೆ ಎರಡು ಪಾಲಿನಲ್ಲಿ ಮೇಯಿಸಿ, ಮೂರನೆಯದನ್ನು ಹುಲ್ಲು ಬೀಜ ಕಟ್ಟಲಿ ಎಂದು ಬಿಡುತ್ತಿದ್ದರು. ಗಡಿ ಬಂದ ಕಡೆ ಅತ್ತೆ "ಹ್ಞೂಂ, ಸಾಕು" ಎಂದರೆ ಮುಗಿಯಿತು, ನೂರು ಕುರಿಯೂ ಹಿಂದಕ್ಕೆ ತಿರುಗುತ್ತಿದ್ದವು. ನನ್ನ ಮಕ್ಕಳು ಅದರಲ್ಲಿ ಕಾಲುಭಾಗ ಮಾತು ಕೇಳಿದ್ದರೆ ನಾನು ಹಾಯಾಗಿರುತ್ತಿದ್ದೆ.

ಗಣಿಯವರಿಗೆ ಇಡೀ ಗುಡ್ಡ ಬೇಕಾಯಿತು. ಕಳೆದುಕೊಂಡಷ್ಟೇ ಮೇವಿನ ಜಾಗವನ್ನು ಹೊಳೆಯಾಚೆ ಕೊಡುತ್ತೇವೆ ಎಂದರು. ಅಳತೆಗೆ ಬಂದ ಸರ್ವೇಯರ್ ಎರಡು ಪಾಲನ್ನು ಬರೆದುಕೊಂಡು, ಮೂರನೆಯದರ ಮುಂದೆ 'ಬಳಕೆಯಲ್ಲಿಲ್ಲ' ಎಂದು ಗೀಚಿದ.

"ಹಿಕ್ಕೆ ಇಲ್ಲ, ಗೊರಸಿನ ಗುರುತಿಲ್ಲ. ಹುಲ್ಲು ಮೊಣಕಾಲುದ್ದ ನಿಂತಿದೆ. ಮೇಯಿಸ್ತೀರಿ ಅಂತ ಹೇಗೆ ಬರೀಲಿ ಅಜ್ಜಿ?"

"ಮೇಯಿಸ್ಬೇಕು ಅಂತಾನೇ ಅಲ್ವೇನಪ್ಪಾ ಈ ವರ್ಷ ಬಿಟ್ಟಿರೋದು," ಎಂದರು ಅತ್ತೆ.

ಅವನ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮನುಷ್ಯ ಕೆಟ್ಟವನಲ್ಲ. ಸೋಮವಾರ ಇನ್ನೊಮ್ಮೆ ಬರುತ್ತೇನೆ, ಅಷ್ಟರೊಳಗೆ ಆ ಪಾಲಿಗೂ ಕುರಿ ಬಿಟ್ಟಿರಿ ಎಂದು ಹೇಳಿ ಹೋದ.

ಅತ್ತೆ ಮೂರು ದಿನ ಮೀನಮೇಷ ಎಣಿಸಿದರು. ಹುಲ್ಲಿನ ಬೀಜ ಆಗಷ್ಟೇ ಹಾಲುಗಟ್ಟಿತ್ತು. ನನಗೆ ರೇಗಿಹೋಯಿತು.

"ಅತ್ತೆ, ನಾಳೆ ಯಂತ್ರ ಬಂದು ಅಗೆಯೋ ಹುಲ್ಲು ಅದು. ಯಾರಿಗಂತ ಉಳಿಸ್ತಿದ್ದೀರಾ? ಆ ಪಾಲು ಕೈತಪ್ಪಿದ್ರೆ ಮೂವತ್ತು ಕುರಿ ಮಾರಬೇಕಾಗುತ್ತೆ."

"ಗೊತ್ತು ಕಣೆ," ಎಂದರು.

ಸೋಮವಾರ ಬೆಳಿಗ್ಗೆ ಮಂದೆ ಹೊರಟಿತು. ಗಡಿಯ ಹತ್ತಿರ ಅತ್ತೆ ತುಟಿ ಬಿಚ್ಚಲಿಲ್ಲ, ಆದರೂ ಕುರಿಗಳು ನಿಂತವು. ಎಲ್ಲಕ್ಕಿಂತ ಮುಂದಿದ್ದ ಮುದಿ ಕುರಿ ತಲೆ ತಿರುಗಿಸಿ ಇವರ ಮುಖವನ್ನೇ ನೋಡಿತು. ಪುಸಲಾಯಿಸಿದರೂ ಇಲ್ಲ, ನೂಕಿದರೂ ಇಲ್ಲ. ಕೆಳಗೆ ಸರ್ವೇಯರನ ಜೀಪು ಏರು ಹತ್ತುತ್ತಿತ್ತು. ಅತ್ತೆ ಕೋಲೆತ್ತಿ ಮುದಿ ಕುರಿಗೆ ಬಾರಿಸಿದರು. ಒಂದಲ್ಲ, ನಾಲ್ಕು ಸಲ. ಅದು ಹುಲ್ಲಿನೊಳಗೆ ಕಾಲಿಟ್ಟಿತು, ಉಳಿದವು ಹಿಂದೆಯೇ ನುಗ್ಗಿದವು.

ಸರ್ವೇಯರ್ 'ಬಳಕೆಯಲ್ಲಿದೆ' ಎಂದು ತಿದ್ದಿ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡ. ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಅವತ್ತು ಊಟ ಮಾಡಲಿಲ್ಲ.

ಹೊಳೆಯಾಚೆ ಮೂರು ಪಾಲೂ ಸಿಕ್ಕಿತು. ಹುಲ್ಲು ಪರವಾಗಿಲ್ಲ, ನೀರೂ ಹತ್ತಿರ. ಮೊದಲ ದಿನವೇ ಅತ್ತೆ ಒಂದು ಪಾಲನ್ನು ಬಿಟ್ಟು, ಅದರ ಅಂಚಿನಲ್ಲಿ ನಿಂತು "ಹ್ಞೂಂ, ಸಾಕು" ಎಂದರು. ಮಂದೆ ಅವರ ಎಡಕ್ಕೂ ಬಲಕ್ಕೂ ಹಾದು ಒಳಗೆ ಹೋಯಿತು, ಮುದಿ ಕುರಿಯೇ ಮುಂದೆ. ನನಗೆ ಸಿಟ್ಟು ಬಂತು, ಬೈಯುತ್ತಾ ಅಟ್ಟಿಕೊಂಡು ಬರಲು ಹೊರಟೆ.

ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಬೈಬೇಡ ಕಣೆ," ಎಂದರು. "ನಾನು ಹೊಡೆದು ಹೇಳಿಕೊಟ್ಟಿದ್ದನ್ನೇ ಮಾಡ್ತಿವೆ."