ಲೆಕ್ಕಕ್ಕೆ ಬಾರದ ನೀರುನಾಯಿ

ಬೀಗ ರಿಪೇರಿಯವನಿಗೆ ವಾರವಿಡೀ ಮಾತೇ ಮಾತು. ಅಂಗಡಿಯೆಂದರೆ ಒಂದು ಕೌಂಟರು, ಕೀಲಿಕೈಗೆ ಹಲ್ಲು ಕೊರೆಯುವ ಯಂತ್ರ, ಗೋಡೆ ತುಂಬ ಮೊಳೆಗಳಿಗೆ ನೇತುಬಿದ್ದ ಇನ್ನೂ ಹಲ್ಲು ಮೂಡದ ಕೀಲಿಕೈಗಳು. ಮನೆಯ ಕೀಲಿಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಬಂದ ಗಿರಾಕಿಗಳನ್ನು ಗೇಲಿ ಮಾಡುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ಆದರೆ ರಜೆಯ ದಿನ ಬಂತೆಂದರೆ ಅದೇ ಮನುಷ್ಯ ಮೊದಲ ಬಸ್ಸು ಹಿಡಿದು, ಊರಾಚೆಯ ಜೌಗು ಕಾಡಿಗೆ ಹೋಗಿ, ಹುಳಹುಪ್ಪಟೆ ನೋಡುತ್ತ ತುಟಿ ಬಿಚ್ಚದೆ ಕೂತುಬಿಡುತ್ತಿದ್ದ. ಒಂದು ವರ್ಷದಿಂದ ಒಬ್ಬನೇ.

ಅದಕ್ಕೂ ಮುಂಚೆ ಅಕ್ಕ ಜೊತೆಗಿದ್ದಳು. ಇಬ್ಬರೂ ಮದುವೆಯಾದವರಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ ಅವನು ಅಕ್ಕನ ಕಡೆ ಕೈ ತೋರಿಸುತ್ತಿದ್ದ, ಅವಳು ಇವನ ಕಡೆ. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಅಕ್ಕ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವಳು; ತಪ್ಪಿದ ಒಂದು ಅಲ್ಪವಿರಾಮ ಕೂಡ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಕಾಡಿನಲ್ಲೂ ಅದೇ ಕಣ್ಣು. ಒಣಗಿದ ಕಡ್ಡಿಯ ವೇಷ ಹಾಕಿಕೊಂಡು ಕೂತ ಕಡ್ಡಿಹುಳುವನ್ನು ಕೂಡ ಬಿಡುತ್ತಿರಲಿಲ್ಲ. "ಆ ಕಡ್ಡಿಗೆ ಕಾಲಿದೆ ನೋಡೋ!" ಎಂದು ಪತ್ತೆ ಹಚ್ಚಿಬಿಡುತ್ತಿದ್ದಳು.

ಅವರದೊಂದು ಕಟ್ಟಳೆಯಿತ್ತು: ಇಬ್ಬರೂ ಕಂಡರೆ ಮಾತ್ರ ಕಂಡ ಹಾಗೆ, ಒಬ್ಬರೇ ಕಂಡದ್ದು ಲೆಕ್ಕಕ್ಕಿಲ್ಲ. ಅದನ್ನು ಮಾಡಿದವಳು ಅಕ್ಕ. ಚಿಕ್ಕಂದಿನಲ್ಲಿ ಇವನು ಪೊದೆಯಲ್ಲಿ ಚಿರತೆ ಕಂಡೆ, ಕೊಳದಲ್ಲಿ ಮೊಸಳೆ ಕಂಡೆ ಎಂದು ಬೊಗಳೆ ಬಿಡುತ್ತಿದ್ದ. "ನನಗೂ ಕಾಣ್ಬೇಕು, ಇಲ್ಲಾಂದ್ರೆ ನಿನ್ನ ಚಿರತೆ ನೀನೇ ಇಟ್ಕೋ" ಎಂದಿದ್ದಳು ಅವಳು. ಅಂದಿನಿಂದ ಒಬ್ಬರು ಬೆರಳು ತೋರಿಸುವುದು, ಇನ್ನೊಬ್ಬರು ಹುಡುಕಿ ನೋಡಿ "ಹೂಂ, ಕಂಡೆ" ಎನ್ನುವುದು. ಆ ಮಾತು ಬಿದ್ದಮೇಲೇ ಮುಂದಿನ ಹೆಜ್ಜೆ. ಮಿಂಚುಳ್ಳಿ, ಮುಂಗುಸಿ, ಅಂಟು ಸುರಿಸಿ ಹುಳ ಹಿಡಿಯುವ ಪುಟ್ಟ ಕೆಂಪು ಗಿಡ, ಎಲ್ಲ ಹೀಗೇ ಲೆಕ್ಕಕ್ಕೆ ಸೇರಿದವು. ಸೇರದೆ ಉಳಿದದ್ದು ನೀರುನಾಯಿ ಒಂದೇ. ಕೆಸರಿನಲ್ಲಿ ಅದರ ಹೆಜ್ಜೆ ಸಿಕ್ಕಿತ್ತು, ಬಂಡೆಯ ಮೇಲೆ ಮೀನಿನ ಮುಳ್ಳು ತುಂಬಿದ ಹಿಕ್ಕೆ ಸಿಕ್ಕಿತ್ತು. ಪ್ರಾಣಿ ಮಾತ್ರ ಪ್ರತಿ ಸಲವೂ ಕೈಕೊಡುತ್ತಿತ್ತು. "ಅದನ್ನ ನೋಡದೆ ನಾನು ಸಾಯೋಳಲ್ಲ ಕಣೋ" ಎಂದು ಅಕ್ಕ ನಗುತ್ತಿದ್ದಳು.

ಆಮೇಲೆ ಯಾವಾಗಲೋ ಅಕ್ಕ ತಾನಾಗಿ ಏನನ್ನೂ ತೋರಿಸುವುದನ್ನು ನಿಲ್ಲಿಸಿದಳು. ಇವನು ತೋರಿಸಿದ್ದಕ್ಕೆಲ್ಲ, ಹುಡುಕುವ ಗೋಜಿಗೇ ಹೋಗದೆ, "ಹೂಂ, ಕಂಡೆ" ಎನ್ನತೊಡಗಿದಳು. ಅವನಿಗೆ ಅನುಮಾನ ಬಂತು.

ಬೀಗ ಸವೆದಿದೆಯೋ ಇಲ್ಲವೋ ಎಂದು ತಿಳಿಯಲು ಅವನ ಬಳಿ ಒಂದು ಉಪಾಯವಿತ್ತು. ಅದರದಲ್ಲದ ಕೀಲಿಕೈ ಹಾಕಿ ತಿರುಗಿಸುವುದು. ತೆರೆದುಕೊಂಡರೆ ಬೀಗ ಕೆಟ್ಟಿದೆ ಎಂದರ್ಥ. ಬೀಗಕ್ಕೇನೋ ಸರಿ. ಈ ಮಹಾನುಭಾವ ಅದನ್ನು ಒಡಹುಟ್ಟಿದವಳ ಮೇಲೂ ಪ್ರಯೋಗಿಸಿದ.

"ಅಕ್ಕಾ, ಅಲ್ಲಿ ನೋಡು! ನೀರಿನ ಮೇಲೆ ಬಾಗಿರೋ ಕೊಂಬೆ ಇದ್ಯಲ್ಲ, ಅದರ ಮೇಲೆ ಹಸಿರು ಹಾವು. ಅಬ್ಬಾ, ಎಷ್ಟುದ್ದ!"

ಕೊಂಬೆ ಖಾಲಿಯಿತ್ತು.

"ಹೂಂ, ಕಂಡೆ," ಎಂದಳು ಅಕ್ಕ. "ತುಂಬಾ ಚೆನ್ನಾಗಿದೆ ಕಣೋ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವನಿಗೆ ಎಲ್ಲಿತ್ತೋ ಸಿಟ್ಟು. "ಅಲ್ಲಿ ಹಾವೂ ಇಲ್ಲ, ಹುಳಾನೂ ಇಲ್ಲ! ಎಷ್ಟು ದಿನದಿಂದ ನನಗೆ ಹೀಗೆ ಸುಳ್ಳು ಹೇಳ್ತಿದ್ದೀಯ?" ಎಂದು ಕೂಗಾಡಿದ. ಜೊಂಡಿನಲ್ಲಿದ್ದ ಕೊಕ್ಕರೆಗಳೆಲ್ಲ ಗಾಬರಿಬಿದ್ದು ಎದ್ದು ಹೋದವು. ಅಕ್ಕ ಅವು ಹಾರಿದ ಸದ್ದಿನ ಕಡೆ ಮುಖ ತಿರುಗಿಸಿ, "ಕಣ್ಣು ಹೋಗ್ತಿದೆ ಅಂತ ಗೊತ್ತಾದ್ರೆ ನೀನು ನನ್ನ ಕರ್ಕೊಂಡು ಬರಲ್ಲ ಅಂದ್ಕೊಂಡೆ," ಎಂದಷ್ಟೇ ಹೇಳಿದಳು. ಮರುವಾರ ಅವನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ನೋಟದ ನಡುಭಾಗ ಪೂರ್ತಿ ಮಂಜಾಗಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಅವನು ಅವಳಿಗೆ ಔಷಧಿ ತಂದುಕೊಟ್ಟ, ಗ್ಯಾಸ್ ಒಲೆಯ ಗುಂಡಿಗಳಿಗೆ ಕೈಗೆ ತಾಕುವಂಥ ಗುರುತು ಹಚ್ಚಿಕೊಟ್ಟ, ಕೋಣೆಯ ಸಾಮಾನು ಕದಲದಂತೆ ನೋಡಿಕೊಂಡ. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಆಡಲಿಲ್ಲ. ಊರಿನ ಬೀಗಗಳನ್ನೆಲ್ಲ ತೆಗೆಯುವವನಿಗೆ ಆ ಮಾತು ಗಂಟಲಿನಲ್ಲೇ ಸಿಕ್ಕಿಕೊಂಡಿತ್ತು.

ಕಾಡಿಗೆ ಹೋಗುವುದನ್ನು ಬಿಡಲು ಆಗಲಿಲ್ಲ. ಹೋದರೆ ಸುಖವೂ ಇರಲಿಲ್ಲ. ಎಲೆಯ ಅಡಿಯಲ್ಲಿ ಪೊರೆ ಬಿಡುತ್ತಿರುವ ಮಿಡತೆ ಕಂಡರೆ ಬೆರಳು ತಾನಾಗಿ ಮೇಲೇಳುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲದ ಮೇಲೆ ಅದನ್ನು ಮಡಚಿ ಜೇಬಿಗೆ ಸೇರಿಸುತ್ತಿದ್ದ. ಸಂಜೆ ಮನೆಗೆ ಬಂದಾಗ ಅಕ್ಕ ಕೇಳುತ್ತಿದ್ದಳು: "ಏನು ಕಂಡೆ?" ಅವನು "ಏನಿಲ್ಲ" ಎನ್ನುತ್ತಿದ್ದ. ಕಂಡದ್ದನ್ನು ಹೇಳಿದರೆ ಅವಳ ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತದೆ ಎಂದು ಅವನ ಎಣಿಕೆ. ಆ ಎರಡು ಕೋಣೆಗಳಲ್ಲಿ ಇಬ್ಬರಿದ್ದರು, ಇಬ್ಬರೂ ಒಂಟಿಯಾಗಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ನೀರುನಾಯಿ ಬಂತು.

ಅವನು ಬಂಡೆಗೆ ಒರಗಿ ಕೂತಿದ್ದ. ಜೊಂಡು ಅಲುಗಾಡಿತು. ಮೊದಲು ಮೀಸೆಯ ಚಪ್ಪಟೆ ಮೂತಿ, ಆಮೇಲೆ ಎಣ್ಣೆ ಹಚ್ಚಿದಂತೆ ಹೊಳೆಯುವ ಬೆನ್ನು. ಬಾಯಲ್ಲಿ ಇನ್ನೂ ಒದ್ದಾಡುತ್ತಿದ್ದ ಮೀನು. ಹಿಂದಿನಿಂದ ಮರಿಯೊಂದು ಬಂದು ಮೀನಿಗಾಗಿ ರಂಪ ಮಾಡಿತು. ತಾಯಿ ಅದರ ಮೂತಿಗೊಂದು ಕೊಟ್ಟು, ಆಮೇಲೆ ಮೀನನ್ನೂ ಕೊಟ್ಟಿತು. "ಅಕ್ಕಾ!" ಎಂದ ಅವನು, ಪಿಸುದನಿಯಲ್ಲಿ. ಬೆರಳು ಮೇಲೆದ್ದಿತ್ತು. ಜೀವಮಾನವಿಡೀ ಕಾದದ್ದು ಕಣ್ಣೆದುರಿಗಿತ್ತು, ಅವನಿಗೆ ಅಳು ಬಂತು. ಅವು ನೀರಿಗಿಳಿದು ಹೋದಮೇಲೂ ತುಂಬ ಹೊತ್ತು ಅಲ್ಲೇ ಕೂತಿದ್ದ.

ಈ ಸಲ ಮುಚ್ಚಿಡುವುದಿಲ್ಲ ಎಂದು ಬಸ್ಸಿನಲ್ಲೇ ತೀರ್ಮಾನಿಸಿದ. ಇದನ್ನು ಹೇಳಿದರೆ ಅಕ್ಕ ಮುಂದಿನ ವಾರ ಬಂದೇ ಬರುತ್ತಾಳೆ; ಕಾಣದಿದ್ದರೇನು, ನೀರಿನ ಸದ್ದಾದರೂ ಕೇಳಬಹುದು. ಬೂಟು ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಒಳಗೆ ನುಗ್ಗಿದ.

"ಅಕ್ಕಾ, ನೀರುನಾಯಿ! ತಾಯಿ, ಮರಿ ಎರಡೂ! ಅಬ್ಬಾ, ಎಷ್ಟು ಹತ್ತಿರ ಬಂದಿದ್ವು ಗೊತ್ತಾ!"

ಅಕ್ಕ ಬಟ್ಟೆ ಮಡಚುತ್ತಿದ್ದಳು. ಅವಳ ಕೈ ನಿಂತಿತು. ಮುಖದಲ್ಲಿ ಏನೋ ಅರಳಿತು, ತಕ್ಷಣ ಮುದುಡಿತು.

"ಕೊಂಬೆ ಮೇಲಿತ್ತಾ?" ಎಂದು ಕೇಳಿದಳು.

ಅವನು ಬೂಟುಗಾಲಲ್ಲೇ ಅವಳ ಹತ್ತಿರ ಹೋದ. "ಅಕ್ಕಾ, ದೇವರಾಣೆಗೂ ನಿಜ."

"ಇರಬಹುದು ಕಣೋ. ಆದ್ರೆ ಅವತ್ತೂ ನೀನು ಹೀಗೇ ಖುಷಿಯಾಗಿ ಹೇಳಿದ್ದೆ. ಈಗ ನನಗೆ ನಿನ್ನ ದನಿ ಬಿಟ್ರೆ ಬೇರೆ ಕಣ್ಣಿಲ್ಲ. ಅದನ್ನ ಹೇಗೋ ನಂಬ್ಲಿ?"

"ತಪ್ಪಾಯ್ತು," ಎಂದ. ಕೊನೆಗೂ ಬಂತು ಆ ಮಾತು. ಅಕ್ಕ ತಲೆಯಾಡಿಸಿ, ಅವನ ಅಂಗಿಯ ಸುಕ್ಕನ್ನು ಅಂಗೈಯಿಂದ ಸವರಿ ಮಡಚಿಟ್ಟಳು. ಇನ್ನೊಂದು ಬಟ್ಟೆ ಎತ್ತಿಕೊಂಡವಳು, ತಡೆಯಲಾರದೆ, ಮೆಲ್ಲಗೆ ಕೇಳಿದಳು:

"ಮರಿ ಹೇಗಿತ್ತು? ಹೇಳು."

ಅವನು ಅವಳ ಎದುರಿಗೆ ಕೂತು ಹೇಳಲು ಶುರುಮಾಡಿದ. ಪುಟ್ಟದು, ಅಬ್ಬಾ, ಎಷ್ಟು ಚುರುಕು ಅಂದರೆ... ಅಷ್ಟರಲ್ಲಿ ಅವನ ಕಿವಿಗೇ ತನ್ನ ದನಿ ಕೇಳಿಸಿತು. ಅದು ಥೇಟ್ ಹಾವಿನ ದಿನದ ದನಿಯೇ ಆಗಿತ್ತು. ಅವನ ಮಾತು ಅರ್ಧಕ್ಕೇ ನಿಂತಿತು. ಅಕ್ಕ ಮಾತ್ರ ಮುಖ ಮುಂದೆ ಚಾಚಿ, ಕಾಯುತ್ತ ಕೂತಿದ್ದಳು.