ದೊಡ್ಡಕ್ಕೋರ ಕೋಣೆಯ ಊಟ

ಹಾವೇರಿಯ ಆ ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ನಮ್ಮೂರು ಅಗಡಿಯ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿ ಹೋದ ನನಗೆ ಇಂಗ್ಲಿಷ್ ಓದಲು ಬರಲಿಲ್ಲ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಫೀ ಅರ್ಧಾ ಮಾಫ್ ಮಾಡಸ್ತೇನ್ರಿ. ಆದ್ರ ಹುಡುಗಿ ನಾಕನೇ ಕ್ಲಾಸಿನ್ಯಾಗ ಕುಂದ್ರಬೇಕಾಗ್ತೈತಿ," ಎಂದು ಅಪ್ಪನಿಗೆ ಹೇಳಿದರು.

ಆ ಚಿಕ್ಕ ಮಕ್ಕಳು ಯಾರೂ ನನ್ನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅದನ್ನು ಕಂಡ ದೊಡ್ಡಕ್ಕೋರು ತಮ್ಮ ಕೋಣೆಗೆ ಕರೆದರು.

"ಬಾರವ್ವಾ, ನನಗೂ ಒಬ್ಬಾಕಿಗೆ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ."

ವರ್ಷವಿಡೀ ಅಲ್ಲೇ ಉಂಡೆ. ಉಣ್ಣುತ್ತಲೇ ಅವರು ಇಂಗ್ಲಿಷ್ ಓದಿಸಿದರು. ಮರುವರ್ಷ ಒಮ್ಮೆಲೇ ಆರನೆಯ ತರಗತಿಗೆ ಹತ್ತಿಸಿದರು. ಅಲ್ಲಿ ನನ್ನೆತ್ತರದ ಹುಡುಗಿಯರು ಮೊದಲ ದಿನವೇ ಊಟಕ್ಕೆ ಕರೆದರು. ಬುತ್ತಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತೆ.

"ಹೋಗವ್ವಾ, ಅವರ ಕೂಡ ಉಣ್ಣು," ಎಂದ ದೊಡ್ಡಕ್ಕೋರು, ನನಗೆಂದು ಇಟ್ಟಿದ್ದ ತಟ್ಟೆಯನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.