ಗುರಾಣಿಯ ಬಲಗಡೆ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಬಂದವನು. ನಾನು ನೇಯ್ದ ಸೀರೆಯಲ್ಲಿ ಎಳೆ ತಪ್ಪಿದೆ ಎಂದು ಯಾರೂ ತೋರಿಸಿಲ್ಲ. ಎಪ್ಪತ್ತರ ದಶಕದಲ್ಲಿ ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಯಿತೆಂದರೆ ನಮ್ಮ ಶೆಡ್ಡಿನಲ್ಲಿ ಯುದ್ಧ ಶುರುವಾಗುತ್ತಿತ್ತು. ನಾನೂ ಪಕ್ಕದ ಮಗ್ಗದ ಗೆಳೆಯನೂ ಸೇರಿ ಕಟ್ಟಿದ ಆಟ ಅದು. ನೆಲಕ್ಕೆ ಸೀಮೆಸುಣ್ಣದಲ್ಲಿ ಕೋಟೆ ಬರೆಯುವುದು. ಲಾಳಿಯೊಳಗೆ ಕೂರುವ ಕಂಡಿಕೆಗಳು, ನೂಲು ಮುಗಿದವು, ಸೈನಿಕರು. ಒಬ್ಬೊಬ್ಬರಿಗೆ ಒಬ್ಬ ಸೈನಿಕ, ಅವನ ಮಾತನ್ನು ನಾವೇ ಆಡಬೇಕು. ಬಾಣ ಗುರಿ ಮುಟ್ಟಿತೇ ಎಂಬುದನ್ನು ಕವಡೆ ಹೇಳುತ್ತಿತ್ತು. ಸತ್ತವನು ಮುಂದಿನ ಯುಗಾದಿಯವರೆಗೆ ಆಟಕ್ಕಿಲ್ಲ.

ಗುರಾಣಿಯ ಕಟ್ಟಳೆಗೆಂದು ಒಂದು ಭಾನುವಾರ ನಮ್ಮ ಹಿತ್ತಲಲ್ಲಿ ಪರೀಕ್ಷೆಯನ್ನೇ ಮಾಡಿದ್ದೆವು. ನಾನು ಮೊರ ಹಿಡಿದು ನಿಂತೆ. ಅವನು ನನ್ನ ಬೆನ್ನಿಗೆ ಅಂಟಿಕೊಂಡ. ನನ್ನ ಹೆಂಡತಿ ಎದುರಿನಿಂದ ಹುಣಸೆಬೀಜ ಎಸೆದಳು, ಮೊರ ಹರಿದರೆ ನೀವಿಬ್ಬರೇ ಹೆಣೆದುಕೊಡಬೇಕು ಎಂದು ನಕ್ಕಳು. ಒಂದೂ ತಾಕಲಿಲ್ಲ, ನನಗೂ, ಅವನಿಗೂ. ಹಾಗಾಗಿ ಎದುರಿನ ಬಾಣದಿಂದ ಗುರಾಣಿ ಇಬ್ಬರನ್ನೂ ಕಾಯುತ್ತದೆ ಎಂದು ಕಟ್ಟಳೆ ಮಾಡಿದೆವು.

ಆ ಮಳೆಗಾಲ ಕಿಟಕಿ ಪಕ್ಕಕ್ಕೆ ಹೊಸ ಮಗ್ಗ ಬರುವುದಿತ್ತು. ಅದು ತನಗೇ ಬೇಕೆಂದು ನಾನೂ ಕೇಳಿದ್ದೆ, ಗೆಳೆಯನೂ ಕೇಳಿದ್ದ. ಯಾರಿಗೆ ಕೊಡಬೇಕೆಂಬುದು ಶೆಡ್ಡಿನ ಮೇಸ್ತ್ರಿಯ ಕೈಯಲ್ಲಿತ್ತು. ಆಟದಲ್ಲಿ ಎದುರು ಪಕ್ಷದ ಬಿಲ್ಲುಗಾರನೂ ಅವರೇ.

ಅವತ್ತು ಗೆಳೆಯನ ಸೈನಿಕನಿಗೆ ಗಾಯವಾಗಿತ್ತು. ನನ್ನವನನ್ನು ಗುರಾಣಿ ಸಮೇತ ಅವನ ಮುಂದೆ ನಿಲ್ಲಿಸಿದೆ. ಮೇಸ್ತ್ರಿ ಎದುರಿನಿಂದಲೇ ಬಾಣ ಬಿಟ್ಟರು, ಕವಡೆ ಅವರ ಕಡೆ ಬಿತ್ತು. ನಿನ್ನ ಆಳು ಸತ್ತ ಎಂದರು. ಗುರಾಣಿ ಇದೆಯಲ್ಲ ಎಂದೆ. ಇನ್ನೊಬ್ಬನಿಗೆ ಮರೆಯಾಗಿ ನಿಂತವನಿಗೆ ತನ್ನ ಮೈ ಕಾಯಲು ಆಗುವುದಿಲ್ಲ ಎಂದು ಅವರ ವಾದ. ನನ್ನ ಜೊತೆ ಕಟ್ಟಳೆ ಮಾಡಿದವನು ಇಲ್ಲೇ ಇದ್ದಾನೆ, ಕೇಳಿ ಎಂದೆ. ಅವನ ಮೇಲೆ ಅಷ್ಟು ಧೈರ್ಯ ನನಗೆ.

"ಹೇಳಪ್ಪಾ, ಏನು ನಿಮ್ಮ ಕಟ್ಟಳೆ?" ಎಂದರು ಮೇಸ್ತ್ರಿ.

ಗೆಳೆಯ ಸೀಮೆಸುಣ್ಣದ ಗೆರೆ ನೋಡುತ್ತಾ ಹೇಳಿದ. "ಹಿಂದಿರೋನಿಗೆ ಮಾತ್ರ ಮರೆ ಅಣ್ಣ. ಹಿಡ್ದೋನ ಬಲಗಡೆ ಬಯಲು."

"ಮೊರ ಹಿಡ್ದೋನು ನಾನು ಕಣೋ. ಒಂದು ಬೀಜನಾದ್ರೂ ತಾಕ್ತಾ ನಂಗೆ?"

"ಆಟ ಕಣ್ಲಾ ಇದು. ಬಿಡು."

ನನ್ನವನು ಸತ್ತ. ಅವನವನು ನನ್ನ ಗುರಾಣಿಯ ಹಿಂದೆ ಬದುಕಿಕೊಂಡ. ಹೊಸ ಮಗ್ಗ ಬಂದಾಗ ಅದರ ಮುಂದೆ ಅವನೇ ನಿಂತಿದ್ದ. ಯುಗಾದಿಗೆ ಆಟಕ್ಕೆ ಕರೆದ, ನಾನು ಹೋಗಲಿಲ್ಲ.

ನನ್ನವನು ಸತ್ತ ದಿನ ಕರೆಂಟು ಬಂದ ಕೂಡಲೇ ನನ್ನ ಸೈನಿಕನನ್ನು ನೆಲದಿಂದ ಎತ್ತಿ, ಸುಣ್ಣ ಒರೆಸಿ, ನೂಲು ಸುತ್ತಿಸಿ ಲಾಳಿಗೆ ಹಾಕಿದ್ದೆ. ಸಂಜೆಯೊಳಗೆ ಅದರ ನೂಲೆಲ್ಲ ಯಾರದೋ ಸೀರೆಯ ಸೆರಗಿಗೆ ಸೇರಿಹೋಯಿತು. ಆ ಸೆರಗಿನಲ್ಲೂ ಎಳೆ ತಪ್ಪಿರಲಿಲ್ಲ.